ಕಪ್ಪು–ಬಿಳುಪು 120 ಫಿಲ್ಮ್: ಕೊರತೆಯ ಕಾರಣಗಳು ಮತ್ತು ವರ್ತಕರ ಸಿದ್ಧತೆ

ಮಧ್ಯಮ ಅಳತೆಯ ಕ್ಯಾಮೆರಾಗಳಲ್ಲಿ ಬಳಸುವ ಕಪ್ಪು–ಬಿಳುಪು ರೋಲ್ ಫಿಲ್ಮ್ ಇಂದು ದೊಡ್ಡ ವಹಿವಾಟಿನ ಸರಕಲ್ಲ. ಆದರೆ ಕಲಾ ಛಾಯಾಗ್ರಾಹಕರು, ಛಾಯಾಚಿತ್ರ ಕಲಿಸುವ ಸಂಸ್ಥೆಗಳು ಹಾಗೂ ಫಿಲ್ಮ್ ಸಂಸ್ಕರಣೆಯ ಸಣ್ಣ ಲ್ಯಾಬ್‌ಗಳು ಇದನ್ನೇ ಅವಲಂಬಿಸಿವೆ. ಗಿರಾಕಿ ಬಾಗಿಲಲ್ಲಿದ್ದರೂ ಸರಕು ತಿಂಗಳುಗಟ್ಟಲೆ ಬಾರದಿರುವುದು ಈ ವ್ಯಾಪಾರದ ಮುಖ್ಯ ತೊಡಕು. ಕೊರತೆಯ ಮೂಲವನ್ನು ಅರಿತ ವರ್ತಕರು ಅದನ್ನು ಬಹುಮಟ್ಟಿಗೆ ಎದುರಿಸಬಲ್ಲರು. ಕಡಿಮೆ ಪ್ರಮಾಣದ, ಆಮದನ್ನೇ ನಂಬಿದ ಯಾವುದೇ ಸರಕಿನ ವ್ಯಾಪಾರಕ್ಕೂ ಇದರ ಪಾಠ ಅನ್ವಯಿಸುತ್ತದೆ.

ಸರಕಿನ ಸ್ವರೂಪ

120 ಫಿಲ್ಮನ್ನು ಕೊಡಕ್ ಸಂಸ್ಥೆಯು 1901ರಲ್ಲಿ ಬಳಕೆಗೆ ತಂದಿತು. ಸುಮಾರು 61 ಮಿ.ಮೀ. ಅಗಲದ ಈ ಫಿಲ್ಮನ್ನು ಬೆಳಕು ತೂರದ ಕಾಗದದೊಡನೆ ಸ್ಪೂಲಿಗೆ ಸುತ್ತಲಾಗಿರುತ್ತದೆ. ಒಂದು ರೋಲಿನಲ್ಲಿ 6×6 ಸೆಂ.ಮೀ. ಅಳತೆಯ 12 ಅಥವಾ 6×9 ಅಳತೆಯ 8 ಚಿತ್ರಗಳು ದೊರೆಯುತ್ತವೆ. ಭಾರತದಲ್ಲಿ ಮನೆಮಾತಾಗಿದ್ದ ಆಗ್ಫಾ ಕ್ಲಿಕ್–3 ಕ್ಯಾಮೆರಾ ಕೂಡ ಇದೇ ಫಿಲ್ಮನ್ನು ಬಳಸುತ್ತಿತ್ತು.

ನೆರೆಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಕಪ್ಪು–ಬಿಳುಪು ಫಿಲ್ಮ್ ತಯಾರಿಸುತ್ತಿತ್ತು. ನಷ್ಟಕ್ಕೆ ಸಿಲುಕಿದ ಈ ಸಂಸ್ಥೆಯ ಉದ್ಯೋಗಿಗಳಿಗಾಗಿ 2014ರಲ್ಲಿ ಕೇಂದ್ರ ಸಚಿವ ಸಂಪುಟವು ಸ್ವಯಂ ನಿವೃತ್ತಿ ಯೋಜನೆಗೆ ಒಪ್ಪಿಗೆ ನೀಡಿತು. ಅಲ್ಲಿಗೆ ಸ್ವದೇಶಿ ಪೂರೈಕೆಯ ಬಾಗಿಲು ಮುಚ್ಚಿತು. ಈಗ ನಮ್ಮ ಅಂಗಡಿಗಳಿಗೆ ಬರುವ 120 ಫಿಲ್ಮ್ ಆಮದಿನ ಸರಕು.

ಕೊರತೆಗೆ ಕಾರಣಗಳು

ಮೊದಲನೆಯದು ತಯಾರಕರ ಸಂಖ್ಯೆ. ಹಂಗೇರಿಯ ಫೋರ್ಟೆ 2007ರಲ್ಲಿಯೂ, ‘ಎಫ್ಕೆ’ ಫಿಲ್ಮ್ ತಯಾರಿಸುತ್ತಿದ್ದ ಕ್ರೊಯೇಷಿಯಾದ ಫೋಟೊಕೆಮಿಕಾ 2012ರಲ್ಲಿಯೂ ಉತ್ಪಾದನೆ ನಿಲ್ಲಿಸಿದವು. ಇಲ್ಫೋರ್ಡಿನ ಬ್ರಿಟಿಷ್ ಕಾರ್ಖಾನೆ 2004ರಲ್ಲಿ ದಿವಾಳಿಯ ಅಂಚಿಗೆ ಬಂದು, 2005ರಲ್ಲಿ ಅದರ ಆಡಳಿತ ವರ್ಗವೇ ಕೊಂಡದ್ದರಿಂದ ಹಾರ್ಮನ್ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಉಳಿಯಿತು. ಇಂದು ಕಪ್ಪು–ಬಿಳುಪು ಫಿಲ್ಮಿನ ಪ್ರಮುಖ ಮೂಲಗಳೆಂದರೆ ಅಮೆರಿಕದ ರಾಚೆಸ್ಟರಿನಲ್ಲಿರುವ ಈಸ್ಟ್‌ಮನ್ ಕೊಡಕ್, ಇಂಗ್ಲೆಂಡಿನ ಮೊಬರ್ಲಿಯಲ್ಲಿರುವ ಹಾರ್ಮನ್ ಹಾಗೂ ಚೆಕ್ ಗಣರಾಜ್ಯದ ಫೋಮಾ. ಇವುಗಳಲ್ಲಿ ಒಂದು ನಿಂತರೂ ಅದರ ಪರಿಣಾಮ ಜಗತ್ತಿನ ಎಲ್ಲ ಅಂಗಡಿಗಳಿಗೂ ತಟ್ಟುತ್ತದೆ. 2024ರ ನವೆಂಬರಿನಲ್ಲಿ ಕೊಡಕ್ ತನ್ನ ಫಿಲ್ಮ್ ಕಾರ್ಖಾನೆಯನ್ನು ಆಧುನೀಕರಣಕ್ಕಾಗಿ ಕೆಲವು ವಾರ ನಿಲ್ಲಿಸಿದಾಗ ವ್ಯಾಪಾರ ವಲಯದಲ್ಲಿ ಕಳವಳ ಮೂಡಿದ್ದು ಇದೇ ಕಾರಣದಿಂದ.

ಎರಡನೆಯದು ಉತ್ಪಾದನಾ ಕ್ರಮ. ಫಿಲ್ಮನ್ನು ಒಂದೊಂದೇ ರೋಲಾಗಿ ಮಾಡುವುದಿಲ್ಲ. ಅಗಲವಾದ ಆಧಾರ ಪಟ್ಟಿಯ ಮೇಲೆ ಬೆಳ್ಳಿಯ ಲವಣ ಬೆರೆತ ಜೆಲಟಿನ್ ಲೇಪವನ್ನು ಬಹು ಉದ್ದಕ್ಕೆ ಒಮ್ಮೆಲೇ ಹಾಯಿಸಿ, ಅನಂತರ ಕತ್ತರಿಸಲಾಗುತ್ತದೆ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್‌ನ 35 ಮಿ.ಮೀ. ಫಿಲ್ಮಿಗೆ 0.125 ಮಿ.ಮೀ. ದಪ್ಪದ ಆಧಾರವಿದ್ದರೆ, 120 ರೋಲಿಗೆ 0.110 ಮಿ.ಮೀ. ದಪ್ಪದ್ದು ಇರುತ್ತದೆ. ಹೀಗಾಗಿ ಒಂದರ ಲೇಪವನ್ನು ಕತ್ತರಿಸಿ ಇನ್ನೊಂದಕ್ಕೆ ಬಳಸಲಾಗದು. 120ಕ್ಕೆ ಪ್ರತ್ಯೇಕ ಸರದಿ ಬೇಕು. ಆ ಸರದಿಯ ಸರಕು ತೀರಿದ ಮೇಲೆ ಮುಂದಿನ ಸರದಿಯವರೆಗೆ ಕಾಯದೆ ಗತ್ಯಂತರವಿಲ್ಲ.

ಮೂರನೆಯದು, ಮೇಲ್ನೋಟಕ್ಕೆ ಕಾಣದ ಬಿಡಿಭಾಗಗಳು. 35 ಮಿ.ಮೀ. ಫಿಲ್ಮನ್ನು 30.5 ಮೀಟರಿನ ದೊಡ್ಡ ರೋಲಾಗಿ ಕೊಂಡು ಸಣ್ಣ ಡಬ್ಬಿಗಳಿಗೆ ತುಂಬಿಕೊಳ್ಳಬಹುದು. 120ರಲ್ಲಿ ಈ ಅನುಕೂಲ ಸುಲಭವಾಗಿ ದೊರೆಯದು. ಅದಕ್ಕೆ ಬೆಳಕು ಬಿಡದ, ಕ್ಯಾಮೆರಾದ ಕೆಂಪು ಕಿಟಕಿಗೆ ಹೊಂದುವಂತೆ ಅಂಕಿಗಳನ್ನು ಮುದ್ರಿಸಿದ ಕಾಗದವೂ ಸ್ಪೂಲೂ ಬೇಕು. ಕಾಗದದ ಶಾಯಿಯು ಫಿಲ್ಮಿನ ಲೇಪದೊಡನೆ ವರ್ತಿಸಬಾರದು. 2016ರಲ್ಲಿ ಕೊಡಕ್‌ನ ಕೆಲವು ತಂಡಗಳ 120 ಫಿಲ್ಮುಗಳಲ್ಲಿ ಕಾಗದದ ಅಂಕಿಗಳೇ ಚಿತ್ರದ ಮೇಲೆ ಮೂಡಿದ ದೋಷ ಕಂಡುಬಂದು, ಮಾರಾಟಗಾರ ಸಂಸ್ಥೆಯಾದ ಕೊಡಕ್ ಅಲಾರಿಸ್ ಆ ತಂಡಗಳ ಸಂಖ್ಯೆಗಳನ್ನು ಪ್ರಕಟಿಸಬೇಕಾಯಿತು. ಸುತ್ತುವ ಕಾಗದವೂ ಸಿದ್ಧ ಸರಕಿನ ಹೆಸರು ಕೆಡಿಸಬಲ್ಲದು ಎಂಬುದನ್ನು ಸಣ್ಣ ಉದ್ಯಮಿಗಳು ಗಮನಿಸಬೇಕು.

ನಾಲ್ಕನೆಯದು ಕಚ್ಚಾ ಸಾಮಗ್ರಿ. ಫ್ಯೂಜಿಫಿಲ್ಮ್ ಸಂಸ್ಥೆಯು 2018ರಲ್ಲಿ ನಿಯೋಪಾನ್ 100 ಆಕ್ರೋಸ್ ಮಾರಾಟ ಕೊನೆಗೊಳಿಸುವುದಾಗಿ ಘೋಷಿಸಿತು. ದೊರೆಯದಾಗಿದ್ದ ಸಾಮಗ್ರಿಗಳಿಗೆ ಬದಲಿ ಕಂಡುಕೊಂಡ ಮೇಲೆ 2019ರಲ್ಲಿ ಆಕ್ರೋಸ್–2 ಮಾರುಕಟ್ಟೆಗೆ ಬಂದಿತು. ಇದಲ್ಲದೆ, 2025ರಲ್ಲಿ ದಾಖಲೆ ಮಟ್ಟಕ್ಕೇರಿದ ಬೆಳ್ಳಿಯ ಬೆಲೆಯೂ ಈ ಉದ್ಯಮಕ್ಕೆ ಹೊರೆಯೇ ಸರಿ.

ಬದಲಿ ಸರಕಿನ ಆಯ್ಕೆ

ಗಿರಾಕಿ ಕೇಳಿದ ಫಿಲ್ಮ್ ಇಲ್ಲದಿದ್ದಾಗ ಕೈಗೆ ಸಿಕ್ಕ ಇನ್ನೊಂದನ್ನು ನೀಡುವುದು ಸರಿಯಲ್ಲ. ಬಳಕೆಯನ್ನು ವಿಚಾರಿಸಿ ಸೂಚಿಸಬೇಕು. 400 ವೇಗದ ಕೊಡಕ್ ಟ್ರೈ–ಎಕ್ಸ್‌ಗೆ ಎಚ್‌ಪಿ5 ಪ್ಲಸ್ ಸಮೀಪದ ಬದಲಿ. ಅಗ್ಗದ ಆಯ್ಕೆಯಾಗಿ ಫೋಮಾಪಾನ್ 400 ಹಾಗೂ 2022ರಿಂದ 120 ಅಳತೆಯಲ್ಲೂ ಬರುತ್ತಿರುವ ಕೆಂಟ್‌ಮೇರ್ 400 ಇವೆ. ಆದರೆ ಸಂಸ್ಕರಣೆಯ ಅವಧಿ ಒಂದೇ ಆಗಿರುವುದಿಲ್ಲ. ನೀರು ಬೆರೆಸದ ದ್ರಾವಣದಲ್ಲಿ, 20 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ, ಟ್ರೈ–ಎಕ್ಸ್‌ಗೆ ಡಿ–76ರಲ್ಲಿ ಆರೂಮುಕ್ಕಾಲು ನಿಮಿಷವಾದರೆ, ಎಚ್‌ಪಿ5 ಪ್ಲಸ್‌ಗೆ ಐಡಿ–11ರಲ್ಲಿ ಏಳೂವರೆ ನಿಮಿಷ ಬೇಕು. ಬದಲಿ ಫಿಲ್ಮಿನೊಡನೆ ಅದರ ಅವಧಿಯ ಚೀಟಿಯನ್ನೂ ನೀಡುವ ವರ್ತಕನಲ್ಲಿ ಗಿರಾಕಿಯ ವಿಶ್ವಾಸ ಉಳಿಯುತ್ತದೆ.

ಕೆಲವು ಬಳಕೆಗಳಿಗೆ ಬದಲಿಯೇ ಇರುವುದಿಲ್ಲ. ಸಾಮಾನ್ಯ ಫಿಲ್ಮುಗಳು ದೀರ್ಘ ಎಕ್ಸ್‌ಪೋಷರಿನಲ್ಲಿ ಸಂವೇದನೆ ಕಳೆದುಕೊಳ್ಳುತ್ತವೆ. ಆಕ್ರೋಸ್‌ಗೆ 120 ಸೆಕೆಂಡುಗಳವರೆಗೆ ತಿದ್ದುಪಡಿಯೇ ಬೇಡ. ರಾತ್ರಿಯ ವೇಳೆ ಕಟ್ಟಡಗಳನ್ನು ಚಿತ್ರಿಸುವವರು ಅದನ್ನೇ ಕೇಳುತ್ತಾರೆ. ಇಂತಹ ಸರಕನ್ನು ಮುಂಗಡ ಬೇಡಿಕೆ ಪಡೆದು ತರಿಸುವುದು ಮೇಲು.

ಹೆಸರು ಬೇರೆಯಾದ ಮಾತ್ರಕ್ಕೆ ಮೂಲವೂ ಬೇರೆ ಎಂದು ಭಾವಿಸಬಾರದು. ಇಲ್ಫೋರ್ಡ್ ಮತ್ತು ಕೆಂಟ್‌ಮೇರ್ ಎರಡೂ ಹಾರ್ಮನ್‌ನವೇ. ಆಕ್ರೋಸ್–2ರ ಪೆಟ್ಟಿಗೆಯ ಮೇಲೂ ಬ್ರಿಟನ್ನಿನಲ್ಲಿ ತಯಾರಾದುದೆಂಬ ಮುದ್ರೆ ಇದೆ. ಮೂರು ಹೆಸರುಗಳನ್ನು ಇಟ್ಟುಕೊಂಡ ವರ್ತಕನು ಒಂದೇ ದೇಶದ ಉತ್ಪಾದನೆಯನ್ನು ನಂಬಿರಬಹುದು. ಅಪಾಯ ಹಂಚಬೇಕಾದರೆ ಕಾರ್ಖಾನೆಗಳು ಬೇರೆಯಾಗಿರಬೇಕು.

ದಾಸ್ತಾನಿನ ಲೆಕ್ಕ ಮತ್ತು ರಕ್ಷಣೆ

ಉದಾಹರಣೆಗೆ, ಒಂದು ಅಂಗಡಿಯಲ್ಲಿ ತಿಂಗಳಿಗೆ 40 ರೋಲ್ ಮಾರಾಟವಾಗುತ್ತಿದ್ದು, ಬೇಡಿಕೆ ಕಳುಹಿಸಿದ 3 ತಿಂಗಳಿಗೆ ಸರಕು ಬರುವುದಾದರೆ ಆ ಅವಧಿಗೆ 120 ರೋಲ್ ಬೇಕು. ವಿಳಂಬಕ್ಕೆಂದು 2 ತಿಂಗಳ ಕಾಪುದಾಸ್ತಾನಾಗಿ 80 ರೋಲ್ ಸೇರಿಸಿದರೆ, ಕೈಯಲ್ಲಿ 200 ಉಳಿದಾಗಲೇ ಹೊಸ ಬೇಡಿಕೆ ಸಲ್ಲಿಸಬೇಕು. ತಿಂಗಳಿಗೆ 5 ರೋಲ್ ಮಾತ್ರ ಹೋಗುವ ಫಿಲ್ಮನ್ನು ಗಾಬರಿಯಿಂದ 200 ಕೊಂಡರೆ ಅದು ತೀರಲು 40 ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಬಂಡವಾಳ ಕಟ್ಟಿಬಿದ್ದು, ವಾಯಿದೆಯೂ ಮುಗಿಯಬಹುದು. ಒಂದೇ ಸರಕಿಗೆ ಹಲವು ವಿತರಕರಲ್ಲಿ ಬೇಡಿಕೆ ನೋಂದಾಯಿಸುವುದೂ ಹಾನಿಕರ. ಇಂತಹ ಹುಸಿ ಬೇಡಿಕೆಗಳು ಕೊರತೆಯನ್ನು ಇದ್ದುದಕ್ಕಿಂತ ದೊಡ್ಡದಾಗಿ ತೋರಿಸುತ್ತವೆ.

ಫಿಲ್ಮನ್ನು ಮೂಲ ಪೊಟ್ಟಣದಲ್ಲೇ ಶೀತಲ ಪೆಟ್ಟಿಗೆಯಲ್ಲಿಡಬೇಕು. ಹೊರತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವವರೆಗೆ ಪೊಟ್ಟಣ ಒಡೆಯಬಾರದು. ಒಡೆದರೆ ತೇವ ಕೂಡುತ್ತದೆ. ವಾಯಿದೆ ಮೊದಲು ಮುಗಿಯುವುದನ್ನು ಮೊದಲು ಮಾರಬೇಕು. ವೇಗದ ಫಿಲ್ಮುಗಳು ತಂಪಿನಲ್ಲಿದ್ದರೂ ನೈಸರ್ಗಿಕ ವಿಕಿರಣದಿಂದ ಕ್ರಮೇಣ ಮಸುಕಾಗುವುದರಿಂದ ಅವುಗಳನ್ನು ದೀರ್ಘಕಾಲ ಕೂಡಿಡುವುದು ತರವಲ್ಲ. ವಿಮಾನ ನಿಲ್ದಾಣಗಳ ಸಿ.ಟಿ. ಮಾದರಿಯ ತಪಾಸಣಾ ಯಂತ್ರಗಳು ಸಂಸ್ಕರಣೆಯಾಗದ ಫಿಲ್ಮಿಗೆ ಹಾನಿ ಮಾಡುತ್ತವೆ. ಸಾಗಣೆದಾರರೊಡನೆ ಈ ವಿಷಯವನ್ನು ಮುಂಚಿತವಾಗಿ ಮಾತನಾಡಿಕೊಳ್ಳಬೇಕು.

ಕಾನೂನಿನ ಎಚ್ಚರ

ಸುಂಕದ ವರ್ಗೀಕರಣದಲ್ಲಿ ರೋಲ್ ಫಿಲ್ಮ್ 3702ನೇ ಶೀರ್ಷಿಕೆಯಡಿ ಬರುತ್ತದೆ. ನೇರ ಆಮದು ಮಾಡುವವರಿಗೆ ಆಮದು–ರಫ್ತು ಸಂಕೇತ ಸಂಖ್ಯೆ ಅಗತ್ಯ. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಆಮದುದಾರರ ಹೆಸರು, ವಿಳಾಸ ಮತ್ತು ಗರಿಷ್ಠ ಚಿಲ್ಲರೆ ಬೆಲೆ ಪೊಟ್ಟಣದ ಮೇಲಿರಬೇಕು. ಕೊರತೆಯ ನೆಪದಿಂದ ಆ ಬೆಲೆಯನ್ನು ಮೀರಿ ಮಾರುವಂತಿಲ್ಲ.

ಸಣ್ಣ ಉದ್ಯಮಗಳಿಗೆ ಅವಕಾಶ

ಫಿಲ್ಮ್ ಲೇಪನ ಸಣ್ಣ ಘಟಕಗಳ ಕೈಗೆ ಎಟುಕದು. ಆದರೆ ಪೂರಕ ಕೆಲಸಗಳು ಎಟುಕುತ್ತವೆ. 2018ರಲ್ಲಿ ಜರ್ಮನಿಯ ಟೆಟೆನಾಲ್ ದಿವಾಳಿ ಅರ್ಜಿ ಸಲ್ಲಿಸಿದಾಗ ಸಂಸ್ಕರಣಾ ರಾಸಾಯನಿಕಗಳ ಪೂರೈಕೆಗೂ ಧಕ್ಕೆಯಾಯಿತು. ಹೆಸರಾಂತ ಡಿ–76 ದ್ರಾವಣದ ಸೂತ್ರವಾದರೋ ಬಹಿರಂಗವಾಗಿದೆ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಶುದ್ಧತೆ ಮತ್ತು ತೂಕದಲ್ಲಿ ಶಿಸ್ತು ಪಾಲಿಸುವ ರಾಸಾಯನಿಕ ಘಟಕವು ಇದನ್ನು ತಯಾರಿಸಬಲ್ಲದು. 120 ಫಿಲ್ಮನ್ನು ಹಳೆಯ 620 ಸ್ಪೂಲಿಗೆ ಕತ್ತಲಲ್ಲಿ ಸುತ್ತಿಕೊಡುವುದು, ಲ್ಯಾಬ್‌ಗಳಲ್ಲಿ ಉಳಿಯುವ ಸ್ಪೂಲುಗಳನ್ನು ಸಂಗ್ರಹಿಸುವುದು ಸಹ ಅಲ್ಪ ಬಂಡವಾಳದ ಕೆಲಸಗಳೇ.

ವರ್ತಕರು ಮೊದಲು ಕೈಗೊಳ್ಳಬೇಕಾದ ಕ್ರಮಗಳು ಮೂರು:

1. ಕಳೆದ 12 ತಿಂಗಳ ಮಾರಾಟವನ್ನು ಫಿಲ್ಮ್‌ವಾರು ಪಟ್ಟಿ ಮಾಡುವುದು.
2. ಪ್ರತಿಯೊಂದು ಫಿಲ್ಮಿನ ಕಾರ್ಖಾನೆಯನ್ನೂ ಒಂದು ಬದಲಿಯನ್ನೂ ಅದರ ಎದುರಿಗೆ ಬರೆದುಕೊಳ್ಳುವುದು.
3. ಖಾಯಂ ಲ್ಯಾಬ್‌ಗಳಿಂದ ಹಾಗೂ ಶಿಕ್ಷಣ ಸಂಸ್ಥೆಗಳಿಂದ ವರ್ಷದ ಅಗತ್ಯವನ್ನು ಮುಂಚಿತವಾಗಿ ಲಿಖಿತದಲ್ಲಿ ಪಡೆಯುವುದು.

ಈ ಪಟ್ಟಿ ಕೈಯಲ್ಲಿದ್ದರೆ ವಿತರಕರೊಡನೆ ಖಚಿತ ಅಂಕಿಗಳನ್ನಿಟ್ಟುಕೊಂಡು ಮಾತನಾಡಬಹುದು. ಮುಂದಿನ ಸರದಿಯ ಸರಕು ಬಂದಾಗ ತಮ್ಮ ಪಾಲನ್ನು ಮೊದಲೇ ಕಾದಿರಿಸಿಕೊಳ್ಳಬಹುದು.