ಟಿಕೆಟ್ ಇಲ್ಲದ ದಾರಿಗಳು: ಕೋಲಾರದ ಬೆಟ್ಟಗಳಲ್ಲಿ ಕಾಲುದಾರಿ ಹುಡುಕುವುದು ಹೇಗೆ?

ಕಳೆದ ಡಿಸೆಂಬರ್‌ನ ಒಂದು ಭಾನುವಾರ ನಾನು, ನನ್ನ ಗೆಳೆಯ ಇಬ್ಬರೂ ಕೋಲಾರದ ಅಂತರಗಂಗೆ ಬೆಟ್ಟ ಹತ್ತಿದೆವು. ದೇವಸ್ಥಾನದ ಮೆಟ್ಟಿಲು, ಬಸವನ ಬಾಯಿಂದ ಬೀಳುವ ನೀರು, ಗುಹೆಗಳು. ಇಷ್ಟನ್ನು ಎಲ್ಲರೂ ನೋಡ್ತಾರೆ, ನಾವು ಬೇರೆ ದಾರಿಯಲ್ಲಿ ಇಳಿಯೋಣ ಅಂತ ಹೊರಟೆವು. ಫೋನಿನ ಸ್ಯಾಟಲೈಟ್ ಚಿತ್ರದಲ್ಲಿ ಬಂಡೆ ಮೇಲೆ ಬಿಳಿ ಗೆರೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನೇ ಹಿಡಿದು ಮುಕ್ಕಾಲು ಗಂಟೆ ನಡೆದ ಮೇಲೆ ಗೆರೆ ಮುಂದುವರಿಯಿತು, ಬೆಟ್ಟ ಮುಂದುವರಿಯಲಿಲ್ಲ. ಕೆಳಗೆ ನಾಲ್ಕು ಮಹಡಿಯಷ್ಟು ಆಳ.

ಆಡು ಮೇಯಿಸುತ್ತಿದ್ದ ಒಬ್ಬ ಅಮ್ಮ ದೂರದಿಂದಲೇ ಕೂಗಿದರು. "ಅಲ್ಯಾಕಪ್ಪಾ ಹೋದ್ರಿ?"

"ದಾರಿ ಇದೆ ಅಂದ್ಕೊಂಡ್ವಿ ಅಮ್ಮಾ."

"ಅದು ಮಳೆ ನೀರು ಹೋಗೋ ದಾರಿ. ಮನುಷ್ಯರು ಹೋಗೋದಲ್ಲ."

ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಸರ್ವೇಯಿಂಗ್ ಪೇಪರ್‌ ಅನ್ನು ಎರಡನೇ ಸಲಕ್ಕೆ ಪಾಸು ಮಾಡಿದವನು ಅನ್ನೋದು ಬೇರೆ ಮಾತು. ಆದರೂ ಅವತ್ತು ನಾಚಿಕೆಯಾಯಿತು. ನಾನು ನಿಂತ ಜಾಗ ಅರಣ್ಯ ಇಲಾಖೆಯದೋ, ಕಂದಾಯ ಇಲಾಖೆಯದೋ, ಯಾರದೋ ಪಟ್ಟಾ ಜಮೀನೋ ಅಂತಲೂ ನನಗೆ ಗೊತ್ತಿರಲಿಲ್ಲ. ಆಮೇಲೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸುತ್ತಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈಗ ಯಾಕೆ ಈ ಮಾತು?

2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದ್ದು ನಿಮಗೆ ನೆನಪಿರಬಹುದು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು, ಒಂದು ಮಾರ್ಗಕ್ಕೆ ದಿನಕ್ಕೆ 300 ಜನ ಅನ್ನುವ ಮಿತಿಯೂ ಬಂತು. ಕಾಡಿನ ದೃಷ್ಟಿಯಿಂದ ಇದು ಬೇಕಾಗಿತ್ತು. ಆದರೆ ಟಿಕೆಟ್ ಸಿಗದವರು ಮನೆಯಲ್ಲಿ ಕೂರುವುದಿಲ್ಲ, ಬೆಂಗಳೂರಿನಿಂದ ಎರಡು ಗಂಟೆಯೊಳಗೆ ಸಿಗುವ ಬೆಟ್ಟಗಳ ಕಡೆ ಬರ್ತಾರೆ. 'ಯಾರಿಗೂ ಗೊತ್ತಿಲ್ಲದ ದಾರಿ' ಅಂತ ರೀಲ್ಸ್ ಮಾಡ್ತಾರೆ.

ಕೋಲಾರದಲ್ಲಿ ಯಾರಿಗೂ ಗೊತ್ತಿಲ್ಲದ ದಾರಿ ಅಂತ ಒಂದೂ ಇಲ್ಲ. ಇಲ್ಲಿನ ಕಾಲುದಾರಿಗಳಲ್ಲಿ ಕುರಿ ಆಡು ಕಾಯುವವರು, ಸೌದೆ ತರುವವರು, ಜಾತ್ರೆಗೆ ಹೋಗುವವರು ತಲೆಮಾರುಗಳಿಂದ ನಡೆದಿದ್ದಾರೆ. ಎಷ್ಟೋ ದಾರಿಗಳು ಸರ್ಕಾರಿ ದಾಖಲೆಯಲ್ಲೂ ಇವೆ. ಹಾಗಾಗಿ ದಾರಿ ಹುಡುಕುವುದು ಎಂದರೆ ಮೊದಲು ದಾಖಲೆ ಓದುವುದು.

ಒಂದು: ಗ್ರಾಮ ನಕಾಶೆ

ನಮ್ಮ ರಾಜ್ಯದ ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿಕೊಂಡರೆ ಗ್ರಾಮ ನಕಾಶೆಯ ಪಿಡಿಎಫ್ ಸಿಗುತ್ತದೆ. ನಾನು ನೋಡಿದ ನಕಾಶೆಗಳು 1:7,920 ಅಳತೆಯವು. ಅಂದರೆ ಕಾಗದದ ಮೇಲಿನ ಒಂದು ಇಂಚು ನೆಲದ ಮೇಲೆ ಒಂದು ಫರ್ಲಾಂಗ್. ಸರ್ವೆ ನಂಬರಿನ ಗಡಿ, ಕೆರೆ, ಹಳ್ಳ, ಬಂಡಿದಾರಿ, ಕಾಲುದಾರಿ ಎಲ್ಲಕ್ಕೂ ಬೇರೆ ಬೇರೆ ಗುರುತು ಇರುತ್ತದೆ. ಹಳ್ಳಿಯಲ್ಲಿ 'ನಕಾಶೆ ಕಂಡ ದಾರಿ' ಅನ್ನುವ ಮಾತು ಕೇಳಿರುತ್ತೀರಿ. ಅದು ಈ ಗೆರೆಗಳ ಬಗ್ಗೆಯೇ. ಪಕ್ಕಪಕ್ಕದ ಎರಡು ಮೂರು ಊರಿನ ನಕಾಶೆಗಳನ್ನು ಜೋಡಿಸಿ ನೋಡಿ. ಬೆಟ್ಟದ ಈ ಕಡೆಯ ಊರಿನಿಂದ ಹೊರಟ ಕಾಲುದಾರಿ ಆ ಕಡೆಯ ಊರಿನಲ್ಲಿ ಇಳಿಯುವುದು ಕಂಡರೆ, ಅದು ಒಂದು ಕಾಲಕ್ಕೆ ಜನ ನಿಜವಾಗಿ ಬಳಸಿದ ದಾರಿ.

ಎರಡು: ಎತ್ತರದ ಲೆಕ್ಕ

ಗ್ರಾಮ ನಕಾಶೆಯಲ್ಲಿ ಎತ್ತರ ತಿಳಿಯುವುದಿಲ್ಲ. ಅದಕ್ಕೆ ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ ಬೇಕು. ಅವರ ಪೋರ್ಟಲ್‌ನಿಂದ ಇವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಇದರಲ್ಲಿ ಕಾಂಟೂರ್ ಗೆರೆಗಳು 20 ಮೀಟರಿಗೆ ಒಂದು. ನಮ್ಮ ಕಡೆಯ ಬೆಟ್ಟಗಳಲ್ಲಿ ಅಪಾಯ ಇರುವುದೇ ಇಲ್ಲಿ. ಕೋಲಾರದ ಬೆಟ್ಟಗಳು ಮಣ್ಣಿನ ಗುಡ್ಡಗಳಲ್ಲ, ಗುಂಡುಗಳ ರಾಶಿ ಮತ್ತು ಬೋಳು ಬಂಡೆ. 15 ಮೀಟರಿನ ನೇರ ಇಳಿತ ಎರಡು ಕಾಂಟೂರ್ ಗೆರೆಗಳ ನಡುವೆ ಕಾಣದೇ ಹೋಗಬಹುದು. ನಾವು ಅವತ್ತು ನಿಂತದ್ದು ಅಂಥ ಕಡೆಯೇ.

ಸ್ಯಾಟಲೈಟ್ ಚಿತ್ರವನ್ನು ಕೊನೆಗೆ ನೋಡಿ, ಮೊದಲಲ್ಲ. ಬಂಡೆಯ ಮೇಲೆ ನೀರು ಹರಿದ ಕಲೆಯೂ ದಾರಿಯಂತೆಯೇ ಕಾಣುತ್ತದೆ. ನೀರು ಇಳಿಜಾರನ್ನು ನೇರವಾಗಿ ಕತ್ತರಿಸಿ ಇಳಿಯುತ್ತದೆ, ಮನುಷ್ಯರ ದಾರಿ ಅಡ್ಡಡ್ಡ ಹೋಗಿ ಬಳಸಿಕೊಂಡು ಇಳಿಯುತ್ತದೆ. ಇಷ್ಟು ಗೊತ್ತಿದ್ದಿದ್ದರೆ ಆ ಅಮ್ಮ ಕೂಗಬೇಕಾಗಿರಲಿಲ್ಲ.

ಮೂರು: ಜಾಗ ಯಾರದು?

'ದಿಶಾಂಕ್' ಆ್ಯಪ್ ತೆರೆದರೆ ನೀವು ನಿಂತ ಸರ್ವೆ ನಂಬರ್ ಹೇಳುತ್ತದೆ. ಕೆಲವು ಮೀಟರ್ ಆಚೀಚೆ ಆಗಬಹುದು, ಗಡಿ ಜಗಳಕ್ಕೆ ಅದು ಸಾಕ್ಷಿಯಾಗಲ್ಲ, ದಾರಿ ಹುಡುಕಲು ಸಾಕು. ಆ ನಂಬರಿನ ಪಹಣಿ ನೋಡಿ. ಗೋಮಾಳವೋ, ಪಟ್ಟಾ ಜಮೀನೋ, ಅರಣ್ಯವೋ ತಿಳಿಯುತ್ತದೆ.

ಮೀಸಲು ಅರಣ್ಯ ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅಲ್ಲಿ ಅನುಮತಿ ಇಲ್ಲದೆ ಕಾಲಿಡುವುದು ಅಪರಾಧ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ, ಅನುಮತಿ ಸಿಕ್ಕರೆ ಹೋಗಿ. ಇದು ಸಣ್ಣ ವಿಷಯ ಅನ್ನಿಸಿದರೆ ಶ್ರೀನಿವಾಸಪುರಕ್ಕೆ ಬನ್ನಿ. 2023ರಲ್ಲಿ ಅಲ್ಲಿ ಅರಣ್ಯ ಇಲಾಖೆ ಒತ್ತುವರಿ ತೆರವಿಗೆ ಇಳಿದಾಗ ಫಸಲು ಕೊಡುತ್ತಿದ್ದ ಮಾವಿನ ಮರಗಳು ಉರುಳಿದವು, ರೈತರು ಬೀದಿಗೆ ಬಂದರು. ಗಡಿಗೆರೆ ಎಲ್ಲಿದೆ ಅನ್ನುವುದರ ಮೇಲೆ ಅಲ್ಲಿ ಜನರ ಬದುಕು ನಿಂತಿದೆ. ಆ ಗೆರೆಯನ್ನು ನಾವು ವಾರಾಂತ್ಯದ ಮೋಜಿಗೆ ದಾಟಿ ಬರುವುದು ಹೇಗೆ ಸರಿ?

ನಾಲ್ಕು: ಕೇಳಿ

ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟಕ್ಕೆ ಹೆಚ್ಚಿನವರು ಸೀತಮ್ಮನ ಗುಡಿಯ ದಾರಿಯಲ್ಲಿ ಹತ್ತಿ ಅದೇ ದಾರಿಯಲ್ಲಿ ಇಳಿಯುತ್ತಾರೆ. ನಾನು ಕೆಳಗಿನ ಅಂಗಡಿಯಲ್ಲಿ ಟೀ ಕುಡಿಯುತ್ತಾ ಬೇರೆ ದಾರಿ ಕೇಳಿದೆ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹತ್ತು ನಿಮಿಷದೊಳಗೆ ಸಿಕ್ಕಿದ ಮಾಹಿತಿ ಯಾವ ಆ್ಯಪ್‌ನಲ್ಲೂ ಇಲ್ಲ: ಯಾವ ಬಂಡೆ ಮಳೆಯಲ್ಲಿ ಪಾಚಿ ಕಟ್ಟುತ್ತದೆ, ಹೆಜ್ಜೇನು ಎಲ್ಲಿ ಕಟ್ಟಿದೆ, ಸಂಜೆಯ ಮೇಲೆ ಚಿರತೆ ಯಾವ ಕಡೆ ಓಡಾಡುತ್ತದೆ, ಲಂಟಾನ ಬೆಳೆದು ಯಾವ ದಾರಿ ಮುಚ್ಚಿದೆ. ಯಾರಾದರೂ ಜೊತೆಗೆ ಬಂದರೆ ಅವರ ದಿನಗೂಲಿ ಕೊಡಿ. ಅವರು ಕೇಳದಿದ್ದರೂ ಕೊಡಿ.

ನಕಾಶೆಯಲ್ಲಿದೆ, ನೆಲದ ಮೇಲಿಲ್ಲ

ಅಲ್ಲಿಂದ ಮಾಲೂರು ತಾಲ್ಲೂಕಿನ ಟೇಕಲ್ ಕಡೆ ಹೋದೆ. ಟೇಕಲ್ ಸುತ್ತ ಕಲ್ಲಿನ ಕೆಲಸ ಹಳೆಯದು. ನಕಾಶೆ ಹಿಡಿದು ಒಂದು ಕಾಲುದಾರಿಯಲ್ಲಿ ನಡೆದೆ. ಒಂದು ಕಿಲೋಮೀಟರ್ ಆದಮೇಲೆ ದಾರಿ ಕ್ವಾರಿಯ ಗುಂಡಿಯ ಅಂಚಿನಲ್ಲಿ ಮುಗಿಯಿತು. ಗುಂಡಿಯ ಆಚೆ ದಡದಲ್ಲಿ ಅದೇ ದಾರಿ ಮತ್ತೆ ಶುರುವಾಗುವುದು ಕಾಣುತ್ತಿತ್ತು. ಇನ್ನೊಂದು ಕಡೆ ದಾರಿಗೆ ಅಡ್ಡಲಾಗಿ ಹೊಸ ತಂತಿಬೇಲಿ.

ಕಾನೂನು ಏನು ಹೇಳುತ್ತದೆ ನೋಡಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ ಸರ್ಕಾರದ ಸ್ವತ್ತು. ಪಟ್ಟಾ ಜಮೀನಿನ ಒಳಗೇ ದಾರಿ ಹಾದುಹೋದರೂ ಪಹಣಿಯಲ್ಲಿ ಆ ಗುಂಟೆಗಳನ್ನು 'ಬಿ ಖರಾಬು' ಎಂದು ಬೇರೆ ತೋರಿಸಿರುತ್ತಾರೆ. ಅಂದರೆ ಅದು ಸಾರ್ವಜನಿಕ ಉಪಯೋಗದ ನೆಲ. ಅಂಥ ದಾರಿಯ ಮೇಲಿನ ಜನರ ಹಕ್ಕನ್ನು ರದ್ದು ಮಾಡಬೇಕಾದರೆ 68ನೇ ಸೆಕ್ಷನ್‌ನಂತೆ ಪ್ರಕಟಣೆ ಹೊರಡಿಸಬೇಕು, ಆಕ್ಷೇಪಣೆ ಕೇಳಬೇಕು. ಬೇಲಿ ಹಾಕಿದ ಮಾತ್ರಕ್ಕೆ ಹಕ್ಕು ಸಾಯುವುದಿಲ್ಲ. ಆದರೆ ಯಾರೂ ಕೇಳದಿದ್ದರೆ ಸತ್ತಂತೆಯೇ.

ದಾರಿ ಮುಚ್ಚಿದಾಗ ನನಗೆ ಒಂದು ಭಾನುವಾರ ಹಾಳು, ಅಷ್ಟೇ. ಆಡು ಮೇಯಿಸುವವರಿಗೆ ಗೋಮಾಳ ತಲುಪುವ ದಾರಿ ಹೋಗುತ್ತದೆ. ಎಷ್ಟೋ ಹಳ್ಳಿಗಳಲ್ಲಿ ದಲಿತ ಕೇರಿಯಿಂದ ಸ್ಮಶಾನಕ್ಕೆ ಹೆಣ ಹೊರುವ ದಾರಿಯೂ ಇಂಥದ್ದೇ ಒಂದು ಗೆರೆ. ಜಮೀನು ಇಲ್ಲದವರಿಗೆ ದಾರಿಯೇ ಆಸ್ತಿ.

ಇಂಗ್ಲೆಂಡಿನಲ್ಲಿ 1932ರ ಏಪ್ರಿಲ್‌ನಲ್ಲಿ ನೂರಾರು ಕಾರ್ಮಿಕ ಯುವಕರು ಜಮೀನುದಾರರು ಮುಚ್ಚಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಒಟ್ಟಾಗಿ ಹತ್ತಿದರು. ಕೆಲವರು ಜೈಲಿಗೂ ಹೋದರು. 1949ರಲ್ಲಿ ಬಂದ ಕಾಯ್ದೆಯಿಂದಾಗಿ ಅಲ್ಲಿ ಕಾಲುದಾರಿಗಳನ್ನು ಅಧಿಕೃತ ನಕಾಶೆಯಲ್ಲಿ ದಾಖಲಿಸುವ ಪದ್ಧತಿ ಬಂತು. ನಮ್ಮಲ್ಲಿ ನಕಾಶೆ ಆಗಲೇ ಇದೆ. ಅದನ್ನು ಹಿಡಿದು ನಡೆಯುವವರೇ ಇಲ್ಲ.

ಹಾಗಾದರೆ ಏನು ಮಾಡಬೇಕು?

ಮುಂದಿನ ಸಲ ಬೆಟ್ಟಕ್ಕೆ ಹೋಗುವಾಗ ಗ್ರಾಮ ನಕಾಶೆಯ ಪ್ರಿಂಟ್ ಒಂದು ಜೇಬಿನಲ್ಲಿರಲಿ. ಮಳೆಗಾಲದಲ್ಲಿ ಬಂಡೆ ದಾರಿ ಬೇಡ. ಹೊರಡುವ ಮುಂಚೆ ಯಾವ ಕಡೆ ಇಳಿಯುತ್ತೀರಿ ಅಂತ ಒಬ್ಬರಿಗಾದರೂ ಹೇಳಿ. ನಕಾಶೆಯಲ್ಲಿದ್ದ ದಾರಿ ನೆಲದ ಮೇಲೆ ಸಿಗದಿದ್ದರೆ ಫೋಟೊ ತೆಗೆಯಿರಿ, ಸರ್ವೆ ನಂಬರ್ ಬರೆದುಕೊಳ್ಳಿ. ಮೊದಲು ಊರಿನವರನ್ನು ಮಾತನಾಡಿಸಿ. ಅವರಿಗೆ ಆ ದಾರಿ ಬೇಕಿದ್ದರೆ, ಅವರ ಜೊತೆ ಸೇರಿ ತಹಶೀಲ್ದಾರರಿಗೆ ಅರ್ಜಿ ಕೊಡಿ, ಗುರುತಿಸಿ ಕೊಡಿ ಅಂತ ಕೇಳಿ.

ಟೇಕಲ್‌ನ ಆ ದಾರಿಯ ಬಗ್ಗೆ ಅಲ್ಲಿನ ಇಬ್ಬರು ಕುರಿಗಾಹಿಗಳು ಮತ್ತು ನಾನು ಸೇರಿ ಒಂದು ಅರ್ಜಿ ಬರೆದಿದ್ದೇವೆ. ಸ್ವೀಕೃತಿಯ ಸೀಲು ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ತಿಂಗಳಿಗೊಮ್ಮೆ ಹೋಗಿ ಕೇಳ್ತೀವಿ.