ಲಕ್ವದ ನಂತರದ ಚೇತರಿಕೆಯಲ್ಲಿ ಮೊಬೈಲ್ ಆ್ಯಪ್‌ನ ಪಾಲು

ಮಿದುಳಿಗೆ ರಕ್ತ ಒಯ್ಯುವ ನಾಳ ಮುಚ್ಚಿಕೊಂಡಾಗ ಅಥವಾ ಒಡೆದಾಗ ಆ ಭಾಗದ ನರಕೋಶಗಳು ಸತ್ತು, ಅವು ನಡೆಸುತ್ತಿದ್ದ ಚಲನೆ, ಮಾತು, ನುಂಗುವಿಕೆ, ದೃಷ್ಟಿಯಂಥ ಕೆಲಸಗಳು ಕುಂಠಿತವಾಗುವುದನ್ನು ವೈದ್ಯರು ಪಾರ್ಶ್ವವಾಯು ಎಂದೂ ಜನರು ಲಕ್ವ ಎಂದೂ ಕರೆಯುತ್ತಾರೆ. ಉಳಿದ ಕೋಶಗಳು ತಮ್ಮ ನಡುವೆ ಹೊಸ ಸಂಪರ್ಕ ಬೆಳೆಸಿಕೊಂಡು ಹೋದ ಕೆಲಸದ ಒಂದಂಶವನ್ನು ವಹಿಸಿಕೊಳ್ಳಬಲ್ಲವು. ನ್ಯೂರೋಪ್ಲಾಸ್ಟಿಸಿಟಿ ಎನಿಸಿಕೊಳ್ಳುವ ಈ ಗುಣ ಫಲ ಕೊಡಬೇಕಾದರೆ ಒಂದೇ ಚಲನೆಯನ್ನು, ಒಂದೇ ಪದವನ್ನು ಮತ್ತೆ ಮತ್ತೆ ರೂಢಿಸಬೇಕು. ತೊಡಕಿರುವುದು ಇಲ್ಲಿಯೇ. 2009ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನವೊಂದರಲ್ಲಿ ಚಿಕಿತ್ಸೆಯ ಅವಧಿಗಳನ್ನು ಗಮನಿಸಿ ಎಣಿಸಿದಾಗ, ಕೈಗೆ ಕೆಲಸ ಕೊಟ್ಟ ಅವಧಿಯೊಂದರಲ್ಲಿ ಬಳಕೆಯ ಚಲನೆಗಳು ನಡೆದದ್ದು ಸರಾಸರಿ 32 ಸಲ ಮಾತ್ರ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಾದರೋ ಮಿದುಳು ಬದಲಾದದ್ದು ದಿನಕ್ಕೆ ನೂರಾರು ಸಲದ ಅಭ್ಯಾಸದಿಂದ.

ಈ ಕೊರತೆಯನ್ನು ಮನೆಯಲ್ಲಿ ತುಂಬಿಕೊಳ್ಳುವ ಸಾಧನವಾಗಿ ಮೊಬೈಲ್ ಆ್ಯಪ್‌ಗಳು ಬಂದಿವೆ. ಮಾತ್ರೆಯ ಹೊತ್ತು ನೆನಪಿಸುವುದು, ರಕ್ತದೊತ್ತಡ ಬರೆದಿಡುವುದು ಅವುಗಳ ಸುಲಭ ಕೆಲಸ. ಹೆಚ್ಚು ಕುತೂಹಲಕರವಾದದ್ದು ಅಫೇಸಿಯಾ, ಅಂದರೆ ಬುದ್ಧಿ ನೆಟ್ಟಗಿದ್ದೂ ಪದ ಹೊರಡದಿರುವ ಅಥವಾ ಕೇಳಿದ್ದು ಅರ್ಥವಾಗದಿರುವ ಸ್ಥಿತಿಗಾಗಿ ರೂಪಿಸಿದ ಆ್ಯಪ್‌ಗಳ ಕೆಲಸ. ಪರದೆಯ ಮೇಲೆ ಬಾಗಿಲಿನ ಚಿತ್ರ ಮೂಡುತ್ತದೆ. ಹೆಸರು ಬಾರದಿದ್ದರೆ ಮೊದಲು ‘ಬಾ’ ಎಂಬ ಸುಳಿವು, ಅದಕ್ಕೂ ಬಾರದಿದ್ದರೆ ‘ಗಾಳಿ ಬರುತ್ತಿದೆ,... ಹಾಕು’ ಎಂಬ ಅರ್ಧ ವಾಕ್ಯ, ಕೊನೆಗೆ ಪೂರ್ಣ ಪದದ ಧ್ವನಿ ಕೇಳುತ್ತದೆ. ನೂರನೆಯ ಸಲವೂ ಬೇಸರವಿಲ್ಲದೆ ಸುಳಿವು ಕೊಡುವ ಈ ತಾಳ್ಮೆ ಮನೆಮಂದಿಗೆ ಇರುವುದು ಕಷ್ಟ.

ಇದರ ಫಲ ಎಷ್ಟು ಎಂಬುದನ್ನು ಬ್ರಿಟನ್ನಿನ ಬಿಗ್ ಕ್ಯಾಕ್ಟಸ್ ಎಂಬ ಪ್ರಯೋಗ 278 ಜನರಲ್ಲಿ ಪರೀಕ್ಷಿಸಿ 2019ರಲ್ಲಿ ವರದಿ ಮಾಡಿತು. ಕಂಪ್ಯೂಟರ್ ತಂತ್ರಾಂಶದೊಡನೆ ಮನೆಯಲ್ಲೇ ಆರು ತಿಂಗಳು ಅಭ್ಯಾಸ ಮಾಡಿದವರಿಗೆ, ಅಭ್ಯಾಸ ಮಾಡಿದ ಪದಗಳು ಸ್ಪಷ್ಟವಾಗಿ ಹೆಚ್ಚು ಸಿಕ್ಕವು. ಆದರೆ ದಿನನಿತ್ಯದ ಸಂಭಾಷಣೆ ಉತ್ತಮಗೊಳ್ಳಲಿಲ್ಲ. ಪರದೆಯ ಮುಂದೆ ಕಲಿತ ಪದ ಅಡುಗೆಮನೆಗೂ ಅಂಗಡಿಗೂ ತಾನಾಗಿ ನಡೆದುಬರುವುದಿಲ್ಲವೆಂಬ ಈ ಫಲಿತಾಂಶವನ್ನು ಆ್ಯಪ್‌ಗಳ ಜಾಹೀರಾತು ಓದುವಾಗ ಮರೆಯಬಾರದು.

ಕನ್ನಡಿಗರಿಗೆ ಇನ್ನೊಂದು ಕಷ್ಟವುಂಟು. ಹೆಸರಾಂತ ಆ್ಯಪ್‌ಗಳು ಬಹುಮಟ್ಟಿಗೆ ಇಂಗ್ಲಿಷಿನ ಅಗತ್ಯಕ್ಕೆ ತಕ್ಕಂತೆ ಹುಟ್ಟಿದವು. ‘ಅಂಗಡಿಗೆ ಹೋಗಿ ಹಾಲು ತಂದೆ’ ಎನ್ನಲು ಹೋಗಿ ವಿಭಕ್ತಿಯನ್ನೂ ಕ್ರಿಯಾಪದವನ್ನೂ ಕಳೆದುಕೊಂಡು ‘ಅಂಗಡಿ... ಹಾಲು...’ ಎಂದು ನಿಲ್ಲುವವರಿಗೆ, ಒತ್ತಕ್ಷರ ಓದಲು ತಡವರಿಸುವವರಿಗೆ ಚಿತ್ರದ ಹೆಸರನ್ನು ಅನುವಾದಿಸಿ ಕೊಟ್ಟರೆ ಸಾಲದು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೆಂದೇ ಅಫೇಸಿಯಾ ಚಿಕಿತ್ಸೆಯ ಕೈಪಿಡಿ ಸಿದ್ಧವಾಗಿರುವುದರಿಂದ, ಕನ್ನಡದ ಆ್ಯಪ್ ಮಾಡಹೊರಡುವವರು ಅಲ್ಲಿಂದ ತೊಡಗುವುದು ಲೇಸು.

ಕೈಕಾಲಿನ ವ್ಯಾಯಾಮದ ಆ್ಯಪ್‌ಗಳ ದೌರ್ಬಲ್ಯ ಬೇರೆ ಬಗೆಯದು. ತೋಳು ಏಳದಿದ್ದಾಗ ರೋಗಿ ತಿಳಿಯದೆಯೇ ಭುಜವನ್ನು ಕಿವಿಯತ್ತ ಎತ್ತಿ, ಮೈಯನ್ನು ವಾಲಿಸಿ ಗುರಿ ಮುಟ್ಟುತ್ತಾನೆ. ಸಂಖ್ಯೆಯನ್ನಷ್ಟೇ ಎಣಿಸುವ ಆ್ಯಪ್ ಅದಕ್ಕೂ ಶಹಬ್ಬಾಸ್ ಹೇಳಿ ತಪ್ಪನ್ನೇ ರೂಢಿ ಮಾಡಿಸಬಹುದು. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಎಡಬದಿಯ ಜಗತ್ತೇ ಲಕ್ಷ್ಯಕ್ಕೆ ಬಾರದು, ಹೀಗಾಗಿ ಪರದೆಯ ಎಡ ಅಂಚಿನ ಬಟನ್ ಅವರ ಪಾಲಿಗೆ ಇಲ್ಲದಂತೆಯೇ. ಆದ್ದರಿಂದ ಹಣ ಕಟ್ಟಿ ಆ್ಯಪ್ ಕೊಳ್ಳುವ ಮೊದಲು ಫೋನನ್ನು ಫಿಸಿಯೋಥೆರಪಿಸ್ಟರ ಬಳಿಗೆ ಒಯ್ದು, ರೋಗಿಗೆ ತಕ್ಕ ವ್ಯಾಯಾಮವನ್ನು ಅವರೆದುರೇ ವಿಡಿಯೊ ಮಾಡಿಕೊಳ್ಳುವುದು, ಮನೆಯಲ್ಲಿ ಮಾಡಿದ್ದನ್ನು ಚಿತ್ರಿಸಿ ಮುಂದಿನ ಭೇಟಿಯಲ್ಲಿ ತೋರಿಸುವುದು ಒಳ್ಳೆಯದು. ಫೋನಿನಲ್ಲಿ ಮೊದಲೇ ಇರುವ ಕ್ಯಾಮೆರಾ ಎಷ್ಟೋ ಸಲ ದುಬಾರಿ ಆ್ಯಪ್‌ಗಿಂತ ಹೆಚ್ಚು ಉಪಕಾರಿ.

ಒಮ್ಮೆ ಲಕ್ವ ಹೊಡೆದವರಿಗೆ ಎರಡನೆಯದರ ಅಪಾಯವೂ ಇರುತ್ತದೆ. ಅದನ್ನು ತಡೆಯಲು ಭಾರತದ 31 ಆಸ್ಪತ್ರೆಗಳಲ್ಲಿ 4,298 ರೋಗಿಗಳನ್ನು ಸೇರಿಸಿಕೊಂಡು, ಅರ್ಧದಷ್ಟು ಜನರಿಗೆ ಅವರವರ ಭಾಷೆಯಲ್ಲಿ ಎಸ್‌ಎಂಎಸ್, ವಿಡಿಯೊ ಮತ್ತು ಪುಸ್ತಿಕೆ ಕೊಟ್ಟು ನಡೆಸಿದ ಸ್ಪ್ರಿಂಟ್ ಇಂಡಿಯಾ ಪ್ರಯೋಗದ ಫಲಿತಾಂಶ 2023ರಲ್ಲಿ ಹೊರಬಂತು. ಮಾತ್ರೆ ತಪ್ಪಿಸುವುದು ಕಡಿಮೆಯಾಯಿತು, ಬೀಡಿ ಸಿಗರೇಟು, ಮದ್ಯ ಬಿಟ್ಟವರು ಹೆಚ್ಚಾದರು, ಆದರೆ ಒಂದು ವರ್ಷದೊಳಗೆ ಮತ್ತೆ ಲಕ್ವ ಅಥವಾ ಹೃದಯಾಘಾತ ಆಗುವುದು ಕಡಿಮೆಯಾಗಲಿಲ್ಲ. ಅಷ್ಟರಿಂದ ಮಾತ್ರೆ ನೆನಪಿಸುವ ಆ್ಯಪ್ ವ್ಯರ್ಥವಾಗದು. ಅದರ ಭರವಸೆಯ ಮೇಲೆ ವೈದ್ಯರ ಭೇಟಿ ತಪ್ಪಿಸಬಾರದು, ಅಷ್ಟೆ. ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಯಾವ ಆ್ಯಪ್ ಅನ್ನೂ ತೆರೆಯದೆ ಕೂಡಲೇ 108ಕ್ಕೆ ಕರೆ ಮಾಡಬೇಕು, ಏಕೆಂದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಕೊಡಲಾಗುವುದು ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಮಾತ್ರ.