ಎರಡು ಬಲೂನು, ನೂರು ಚೌಕ

ಎಂಟನೇ ತರಗತಿಗೆ ವಾಯುವಿನ ಸಂಯೋಜನೆಯ ಪಾಠಕ್ಕೆಂದು ನಾನು ಎರಡು ಬಲೂನುಗಳ ಚಾರ್ಟ್ ತಯಾರಿಸಿದ್ದೆ. ಸಾರಜನಕ ಶೇ. 78, ಆಮ್ಲಜನಕ ಶೇ. 21. ಹೆಚ್ಚುಕಡಿಮೆ ನಾಲ್ಕು ಪಟ್ಟು ಎಂದು ಲೆಕ್ಕ ಹಾಕಿ, ಸಾರಜನಕದ ಬಲೂನನ್ನು ನಾಲ್ಕು ಪಟ್ಟು ಎತ್ತರವಾಗಿ, ನಾಲ್ಕು ಪಟ್ಟು ಅಗಲವಾಗಿ ಬರೆದೆ. ಬಣ್ಣವೂ ಚೆನ್ನಾಗಿ ಬಂದಿತ್ತು. ಚಾರ್ಟ್ ತೂಗುಹಾಕಿದ ಕೂಡಲೇ ಎರಡನೇ ಬೆಂಚಿನ ಹುಡುಗಿ ಕೇಳಿದಳು: “ಮಿಸ್, ಆಮ್ಲಜನಕ ಇಷ್ಟೇ ಇಷ್ಟು ಇದ್ರೆ ಎಲ್ಲರಿಗೂ ಉಸಿರಾಡೋಕೆ ಸಾಕಾಗತ್ತಾ?”

ಕೆಳಗೆ ಅಂಕಿ ಬರೆದಿದೆಯಲ್ಲ ನೋಡು ಎಂದೆ. ಆದರೆ ಅವಳು ಸರಿಯಾಗಿಯೇ ನೋಡಿದ್ದಳು. ಎತ್ತರ ನಾಲ್ಕು ಪಟ್ಟು, ಅಗಲ ನಾಲ್ಕು ಪಟ್ಟು ಆದರೆ ವಿಸ್ತೀರ್ಣ ಹದಿನಾರು ಪಟ್ಟು. ಮಗುವಿನ ಕಣ್ಣು ಅಂಕಿಗಿಂತ ಮೊದಲು ವಿಸ್ತೀರ್ಣವನ್ನು ಓದುತ್ತದೆ. ಬಿಎಸ್ಸಿಯಲ್ಲಿ ಮೂರು ವರ್ಷ ಗಣಿತ ಓದಿದ ನನಗೆ ಇದು ಹೊಳೆದದ್ದು ಪಾಠ ಮುಗಿದ ಮೇಲೆ.

ಒಳ್ಳೆಯ ಚಿತ್ರಗಳನ್ನು ಮಾಡುವವರು ಹೇಗೆ ಮಾಡುತ್ತಾರೆ ಎಂದು ತಿಳಿಯಲು ಗ್ರಾಫಿಕ್ ವಿನ್ಯಾಸಕಾರರ ಕೆಲಸಗಳನ್ನು ಹುಡುಕಿ ನೋಡತೊಡಗಿದೆ. 1972ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಪೆಂಟಗ್ರಾಮ್ ಸ್ಟುಡಿಯೋದ ಕೆಲಸಗಳು ಸಿಕ್ಕವು. ಅದೇ ವರ್ಷದ ಮ್ಯೂನಿಕ್ ಒಲಿಂಪಿಕ್ಸ್‌ಗೆ ಓಟ್ಲ್ ಐಷರ್ ತಂಡ ರೂಪಿಸಿದ ಕ್ರೀಡಾ ಚಿಹ್ನೆಗಳೂ ಸಿಕ್ಕವು. ಸೊಗಸಾಗಿದ್ದವು, ಆದರೆ ನನ್ನ ಬಲೂನಿನ ಸಮಸ್ಯೆಗೆ ಅವುಗಳಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಅದಕ್ಕಿಂತ ಹಳೆಯ ತಂಡವೊಂದರಲ್ಲಿ.

1925ರಲ್ಲಿ ಓಟ್ಟೋ ನ್ಯೂರಾತ್ ಎಂಬವರು ವಿಯೆನ್ನಾದಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಯ ಒಂದು ವಸ್ತುಸಂಗ್ರಹಾಲಯ ತೆರೆದರು. ವಸತಿ, ಆರೋಗ್ಯ, ದುಡಿಮೆಯ ಅಂಕಿಅಂಶಗಳನ್ನು ಸಾಮಾನ್ಯ ಜನರಿಗೆ ಚಿತ್ರಗಳಲ್ಲಿ ತಿಳಿಸುವುದು ಅದರ ಕೆಲಸ. ಅವರ ಮುಖ್ಯ ನಿಯಮ ಇಷ್ಟು: ಹೆಚ್ಚು ಪ್ರಮಾಣವನ್ನು ತೋರಿಸಲು ಚಿಹ್ನೆಯನ್ನು ಹಿಗ್ಗಿಸಬಾರದು, ಅದೇ ಅಳತೆಯ ಚಿಹ್ನೆಯನ್ನು ಮತ್ತೆ ಮತ್ತೆ ಇಡಬೇಕು. ಒಂದು ಚಿಹ್ನೆಗೆ ಒಂದು ನಿಶ್ಚಿತ ಪ್ರಮಾಣ. ಆಗ ನೋಡುವವರು ಎಣಿಸಬಹುದು. ಗೆರ್ಡ್ ಆರ್ನ್ಟ್ಸ್ ಎಂಬ ಕಲಾವಿದರು ಇದಕ್ಕಾಗಿ ಸಾವಿರಾರು ಸರಳ ಚಿಹ್ನೆಗಳನ್ನು ರಚಿಸಿದರು. ಮುಂದೆ ಈ ಪದ್ಧತಿಗೆ ಐಸೋಟೈಪ್ ಎಂಬ ಹೆಸರಾಯಿತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವರು ಈ ತಂಡದ ಮರೀ ರೈಡ್‌ಮೈಸ್ಟರ್. ಮುಂದೆ ಮರೀ ನ್ಯೂರಾತ್ ಆದವರು. ಗಣಿತ, ಭೌತಶಾಸ್ತ್ರ ಓದಿದ್ದವರು. ಅಂಕಿಅಂಶ ಕೊಡುವ ತಜ್ಞರಿಗೂ ಚಿತ್ರ ಬರೆಯುವ ಕಲಾವಿದರಿಗೂ ನಡುವೆ ನಿಂತು, ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಎಂದು ತೀರ್ಮಾನಿಸುವುದು ಅವರ ಕೆಲಸವಾಗಿತ್ತು. ಅದನ್ನು ಅವರು ‘ರೂಪಾಂತರ’ ಎಂದು ಕರೆದರು. (ಪಾಠಯೋಜನೆಯಲ್ಲಿ ನಾವು ಮಾಡಬೇಕಾದ್ದೂ ಇದೇ ಅಲ್ಲವೇ? ನಾನಂತೂ ಬಣ್ಣದ ಪೆನ್ಸಿಲ್‌ನಿಂದ ಶುರು ಮಾಡಿದ್ದೆ.) 1934ರಲ್ಲಿ ತಂಡ ವಿಯೆನ್ನಾ ಬಿಟ್ಟು ಹೇಗ್‌ಗೆ ಹೋಗಬೇಕಾಯಿತು, 1940ರಲ್ಲಿ ನ್ಯೂರಾತ್ ಮತ್ತು ಮರೀ ಇಂಗ್ಲೆಂಡಿಗೆ ಪಾರಾದರು. ಓಟ್ಟೋ 1945ರಲ್ಲಿ ತೀರಿಕೊಂಡ ಮೇಲೆ ಮರೀ ಮಕ್ಕಳಿಗಾಗಿ ಹಲವು ವಿಜ್ಞಾನ ಪುಸ್ತಕಗಳನ್ನು ರೂಪಿಸಿದರು. ತಂಡದ ಕೆಲಸಗಳ ಸಂಗ್ರಹ ಈಗ ರೀಡಿಂಗ್ ವಿಶ್ವವಿದ್ಯಾಲಯದಲ್ಲಿದೆ. ಅದರಲ್ಲಿ ಮುಗಿದ ಚಿತ್ರಗಳ ಜೊತೆಗೆ ಕಚ್ಚಾ ಚಿತ್ರಗಳೂ ಇವೆ. ಕಲಿಯುವವರಿಗೆ ಕಚ್ಚಾ ಚಿತ್ರಗಳೇ ಹೆಚ್ಚು ಉಪಯುಕ್ತ ಎಂದು ನನ್ನ ಅನಿಸಿಕೆ.

ಎರಡನೇ ಚಾರ್ಟ್‌ಗೆ ಡ್ರಾಯಿಂಗ್ ಶೀಟಿನಲ್ಲಿ ಐದು ಸೆಂ.ಮೀ.ನ ನೂರು ಚೌಕ ಹಾಕಿದೆ. ಒಂದು ಚೌಕಕ್ಕೆ ಶೇ. 1. ಎಪ್ಪತ್ತೆಂಟು ನೀಲಿ, ಇಪ್ಪತ್ತೊಂದು ಕೆಂಪು, ಒಂದು ಖಾಲಿ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ಕೊನೆಗೆ, “ಇಂಗಾಲದ ಡೈಆಕ್ಸೈಡ್ ಎಲ್ಲಮ್ಮ?” ಎಂದರು. ಖಾಲಿ ಚೌಕದಲ್ಲಿ ಬಹುಪಾಲು ಆರ್ಗಾನ್. ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 0.04, ಒಂದು ಚೌಕಕ್ಕೂ ಸಾಲದು. ಇಂಥವೇ ನೂರು ಚಾರ್ಟ್ ಅಂಟಿಸಿದರೆ ಹತ್ತು ಸಾವಿರ ಚೌಕವಾಗುತ್ತವೆ, ಅದರಲ್ಲಿ ನಾಲ್ಕು ಎಂದು ಮಕ್ಕಳಿಗೆ ಹೇಳಿದೆ. ಹಿಂದಿನ ಬೆಂಚಿನವರು ಗೋಡೆಗಳನ್ನು ಕಣ್ಣಲ್ಲೇ ಅಳೆದರು.

ಇದು ಬೇರೆ ವಿಭಾಗದಲ್ಲಿ. ಪ್ರಶ್ನೆ ಕೇಳಿದ ಹುಡುಗಿಯ ವಿಭಾಗಕ್ಕೆ ಮತ್ತೆ ಹೋಗಲು ಅವಕಾಶ ಸಿಕ್ಕಿದ್ದು ಬೋಧನಾಭ್ಯಾಸದ ಕೊನೆಯ ವಾರ. ನನ್ನ ಮೊದಲ ಚಾರ್ಟ್ ತಪ್ಪಾಗಿತ್ತು ಎಂದು ಹೇಳಿ ಎರಡನ್ನೂ ಪಕ್ಕಪಕ್ಕದಲ್ಲಿ ತೂಗುಹಾಕಿದೆ. ಅವಳು ಎದ್ದು ಬಂದು ಕೆಂಪು ಚೌಕಗಳನ್ನು ಬೆರಳಿಟ್ಟು ಎಣಿಸಿದಳು.